ಜಾಲಿಮುಳ್ಳಿನ ನಾಡಿನಲ್ಲಿ ಹೊಸ ಎಂಟಿಬಿ: ಮೊದಲು ಏನು ಬದಲಿಸಬೇಕು?

ನಮ್ಮ ಓಣಿಯ ಹುಡುಗನೊಬ್ಬ ಹೋದ ದೀಪಾವಳಿಗೆ ಎಂಟಿಬಿ, ಅಂದರೆ ಗುಡ್ಡ, ಕಚ್ಚಾ ದಾರಿಗೆ ಓಡಿಸುವ ಮೌಂಟೇನ್ ಬೈಕ್ ಸೈಕಲ್ ಕೊಂಡ. ಇಪ್ಪತ್ತೊಂದು ಗಿಯರ್, ಮುಂದೆ ಶಾಕ್, ಎರಡೂ ಕಡೆ ಡಿಸ್ಕ್ ಬ್ರೇಕ್. ಎರಡು ತಿಂಗಳು ಕಳೆದ ಮೇಲೆ ಒಂದು ಸಂಜೆ ನಮ್ಮ ಮನೆಗೆ ಬಂದ. ಮೊಬೈಲಿನಲ್ಲಿ ಒಂದು ಪಟ್ಟಿ ಮಾಡಿಕೊಂಡಿದ್ದ.

"ಅಣ್ಣಾ, ಹತ್ತು ಸಾವಿರ ಕೂಡಿಟ್ಟೀನಿ. ಮೊದಲು ಶಾಕ್ ಹಾಕಿಸ್ಲೋ, ಗಿಯರ್ ಹಾಕಿಸ್ಲೋ?"

"ಇಲ್ಲಿತನಕ ಎಷ್ಟು ಪಂಚರ್ ಆಗ್ಯಾವು?" ಅಂತ ಕೇಳಿದೆ.

ಅವನು ಬೆರಳು ಮಡಚಿ ಎಣಿಸಿದ. ಒಂಬತ್ತು.

ಅವನ ಪಟ್ಟಿಯಲ್ಲಿ ಟೈರ್ ಇರಲೇ ಇಲ್ಲ. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಾನಿರುವುದು ಗಂಗಾವತಿಯಲ್ಲಿ. ಓಡಿಸುವುದು ಕಾಲುವೆ ದಂಡೆ, ಆನೆಗೊಂದಿ, ಸಾಣಾಪುರದ ಬಂಡೆಗಳ ಕಡೆ. ಯಾವಾಗಲಾದರೂ ಸಂಡೂರಿಗೆ ಹೋಗುತ್ತೇನೆ. ಮಲೆನಾಡಿನ ಕೆಸರಿಗೆ, ಬೆಂಗಳೂರಿನ ಸುತ್ತಲ ದಾರಿಗೆ ಬರೆದ ಸಲಹೆ ನಮ್ಮ ನೆಲಕ್ಕೆ ಪೂರ್ತಿ ಹೊಂದುವುದಿಲ್ಲ. ನಮ್ಮಲ್ಲಿ ಇರುವುದು ಮುಳ್ಳು, ಗರಸು, ಬಂಡೆ, ಎರೆ ಮಣ್ಣು, ಬಿಸಿಲು. ಇವು ಐದನ್ನೂ ಮನಸ್ಸಿನಲ್ಲಿಟ್ಟುಕೊಂಡು ಓದಿ.

ಹೆಜ್ಜೆ 1: ಒಂದು ತಿಂಗಳು ಏನೂ ಕೊಳ್ಳಬೇಡಿ

ಸೈಕಲ್ ಬಂದ ಹಾಗೇ ಓಡಿಸಿ. ವಾರಕ್ಕೆ ಮೂರು ದಿನವಾದರೂ ಸರಿ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು, ಮನೆಗೆ ಬಂದ ಕೂಡಲೇ ಎರಡು ಸಾಲು ಬರೆಯಿರಿ. ಎಲ್ಲಿ ಜಾರಿತು, ಎಲ್ಲಿ ನೋಯಿತು, ಯಾವುದು ಸಪ್ಪಳ ಮಾಡಿತು, ಎಲ್ಲಿ ಇಳಿದು ತಳ್ಳಬೇಕಾಯಿತು. ಇಷ್ಟೇ. ತಿಂಗಳ ಕೊನೆಗೆ ಅದರಲ್ಲಿ ಯಾವ ಮಾತು ಜಾಸ್ತಿ ಸಲ ಬಂದಿದೆಯೋ ಅಲ್ಲಿಂದ ಶುರು ಮಾಡಬೇಕು.

ಈ ತಿಂಗಳಲ್ಲಿ ಖರ್ಚಿಲ್ಲದ ಕೆಲಸ ಒಂದಿಷ್ಟಿದೆ. ಹೊಸ ಸೈಕಲ್ಲಿನ ಕೇಬಲ್ ಮೊದಲ ನೂರು ಕಿಲೋಮೀಟರಿನಲ್ಲಿ ಸ್ವಲ್ಪ ಸಡಿಲವಾಗುತ್ತದೆ. ಗಿಯರ್ ಸರಿಯಾಗಿ ಬೀಳುವುದಿಲ್ಲ, ಬ್ರೇಕ್ ಹಿಡಿ ಹ್ಯಾಂಡಲ್‌ಗೆ ತಾಗುವಷ್ಟು ಒಳಗೆ ಹೋಗುತ್ತದೆ. ಎಷ್ಟೋ ಜನ ಇದನ್ನು ನೋಡಿಯೇ "ಗಿಯರ್ ಸರಿಯಿಲ್ಲ" ಅಂತ ಹೊಸದಕ್ಕೆ ದುಡ್ಡು ಸುರಿಯುತ್ತಾರೆ. ಕೇಬಲ್ ಹೊರಗೆ ಬರುವ ಜಾಗದಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ಅರ್ಧ ಸುತ್ತು ಹೊರಕ್ಕೆ ತಿರುಗಿಸಿದರೆ ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಸೀಟಿನ ಎತ್ತರವನ್ನೂ ಈಗಲೇ ನೋಡಿ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲನ್ನು ಪೂರ್ತಿ ಕೆಳಗೆ ಬಿಟ್ಟು, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟರೆ ಮಂಡಿ ಸ್ವಲ್ಪ ಮಡಚಿಕೊಳ್ಳುತ್ತದೆ. ಅದೇ ಸರಿಯಾದ ಎತ್ತರ. ಸೀಟಿನ ಕೊಳವೆ ಮೇಲೆ ಒಂದು ಗೆರೆ ಇರುತ್ತದೆ, ಅದು ಹೊರಗೆ ಕಾಣುವಷ್ಟು ಮೇಲೆ ಎಳೆಯಬಾರದು. ನಮ್ಮ ಹುಡುಗರಲ್ಲಿ ಮುಕ್ಕಾಲು ಪಾಲು ಜನ ಎರಡೂ ಕಾಲು ನೆಲಕ್ಕೆ ಊರುವಂತೆ ಸೀಟು ಇಳಿಸಿಕೊಂಡು, ಮಂಡಿನೋವು ಅನ್ನುತ್ತಾರೆ.

ಹೆಜ್ಜೆ 2: ಗಾಳಿ

ಪಂಚರ್ ಅಂಗಡಿಗೆ ಹೋಗಿ "ಫುಲ್ ಹಾಕ್ರಿ" ಅಂದರೆ ಐವತ್ತು, ಅರವತ್ತು ಪಾಯಿಂಟ್ (ಗಾಳಿಯ ಒತ್ತಡದ ಅಳತೆ, ಪಿಎಸ್‌ಐ) ಹಾಕಿಬಿಡುತ್ತಾರೆ. ಟಾರು ರಸ್ತೆಯಲ್ಲಿ ಅದು ಹಗುರವಾಗಿ ಓಡುತ್ತದೆ. ಗರಸಿನ ಇಳಿಜಾರಿಗೆ ಬಂದರೆ ಟೈರ್ ಕಲ್ಲಿನಂತಾಗಿ ಪುಟಿಯುತ್ತದೆ, ನೆಲ ಹಿಡಿಯುವುದಿಲ್ಲ.

ಆದ್ದರಿಂದ ಮೊದಲು ಕೊಳ್ಳಬೇಕಾದ್ದು ಮೀಟರ್ ಇರುವ ಪಂಪ್. ಇದು ಸೈಕಲ್ಲಿನ ಭಾಗವಲ್ಲ, ಗೊತ್ತು. ಆದರೆ ಮುಂದೆ ಹೇಳುವ ಯಾವ ಬಿಡಿಭಾಗಕ್ಕಿಂತಲೂ ಇದು ಕೊಡುವ ಬದಲಾವಣೆ ದೊಡ್ಡದು. ಎಪ್ಪತ್ತು ಕೆಜಿ ತೂಕದವರು, ಎರಡೂಕಾಲು ಇಂಚಿನ ಟೈರ್, ಒಳಗೆ ಟ್ಯೂಬ್ ಇದ್ದರೆ, ಕಚ್ಚಾ ದಾರಿಗೆ ಮುಂದೆ 28, ಹಿಂದೆ 32 ಪಾಯಿಂಟಿನಿಂದ ಶುರು ಮಾಡಿ. ಟೈರಿನ ಪಕ್ಕದಲ್ಲಿ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಂತ ಅಚ್ಚು ಹಾಕಿರುತ್ತಾರೆ, ಅದನ್ನು ಮೀರಬೇಡಿ. ಅಲ್ಲಿಂದ ಎರಡೆರಡು ಪಾಯಿಂಟ್ ಏರಿಸಿ ಇಳಿಸಿ ನೋಡಿ. ತೀರಾ ಕಡಿಮೆಯಾದರೆ ಬಂಡೆಯ ಅಂಚಿಗೆ ಬಡಿದಾಗ ಟ್ಯೂಬ್ ರಿಮ್ಮಿನ ಕೆಳಗೆ ಸಿಕ್ಕಿ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಅಂಥ ಎರಡು ತೂತು ಕಂಡರೆ ಅದು ಮುಳ್ಳಿನ ಕೆಲಸವಲ್ಲ, ಗಾಳಿ ಕಡಿಮೆ ಇದೆ ಅಂತ ತಿಳಿಯಿರಿ.

ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳಗ್ಗೆ ಇಪ್ಪತ್ತೈದು ಡಿಗ್ರಿ ಇದ್ದಾಗ ತುಂಬಿದ ಗಾಳಿ, ಮಧ್ಯಾಹ್ನ ಟೈರ್ ನಲವತ್ತೈದಕ್ಕೆ ಕಾದರೆ ಸುಮಾರು ಮೂರು ಪಾಯಿಂಟ್ ಏರಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಎರಡು ಪಾಯಿಂಟ್ ಕಡಿಮೆ ಹಾಕಿಯೇ ಹೊರಡುತ್ತೇನೆ.

ಹೆಜ್ಜೆ 3: ಟೈರ್, ಮತ್ತು ಮುಳ್ಳಿಗೆ ಮದ್ದು

ಪಂಪ್ ಆದ ಮೇಲೆ, ಬಿಡಿಭಾಗಗಳಲ್ಲಿ ಮೊದಲ ದುಡ್ಡು ಇಲ್ಲಿಗೇ ಹೋಗಬೇಕು. ಈ ಮಾತನ್ನು ನಾನು ಬಲವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಉಲ್ಟಾ ಮಾಡಿದ್ದೆ. ಮೊದಲ ಸೈಕಲ್ಲಿಗೆ ಮೊದಲು ಹಾಕಿಸಿದ್ದು ಹಿಂದಿನ ಗಿಯರ್ ಸೆಟ್. ಹಾಕಿಸಿದ ಮರುವಾರ ಸಾಣಾಪುರದ ಹತ್ತಿರ ಇಳಿಜಾರಿನಲ್ಲಿ ಮುಂದಿನ ಟೈರ್ ಗರಸಿನ ಮೇಲೆ ಜಾರಿ, ಮೊಣಕೈ ಸುಲಿದುಹೋಯಿತು. ಮನೆಗೆ ಹೊರಟರೆ ಹಿಂದಿನ ಚಕ್ರ ಪಂಚರ್. ಟಾರು ರಸ್ತೆ ಸಿಗುವವರೆಗೆ ಸೈಕಲ್ ತಳ್ಳಿಕೊಂಡು ನಡೆದೆ. ಅವತ್ತಿನ ಎರಡು ತೊಂದರೆಗೂ ಹೊಸ ಗಿಯರ್ ಏನೂ ಮಾಡುವಂತಿರಲಿಲ್ಲ.

ನಮ್ಮ ಕಡೆಯ ಪಂಚರಿನ ಮೂಲ ಎಲ್ಲರಿಗೂ ಗೊತ್ತು. ಬಳ್ಳಾರಿ ಜಾಲಿ. ಹೆಸರಿನಲ್ಲಿ ನಮ್ಮ ಕಡೆಯ ಊರಿದ್ದರೂ ಅದು ನಮ್ಮ ಗಿಡ ಅಲ್ಲ. ಮೆಕ್ಸಿಕೋ, ದಕ್ಷಿಣ ಅಮೆರಿಕದ ಕಡೆಯಿಂದ 19ನೇ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದದ್ದು. ಕಾಲುವೆ ದಂಡೆ, ಕೆರೆ ಅಂಗಳ, ಹಾಳುಬಿದ್ದ ಹೊಲ, ಎಲ್ಲ ಕಡೆ ಹಬ್ಬಿದೆ. ಕಟ್ಟಿಗೆಗೆ ಕಡಿದು ಸಾಗಿಸುವಾಗ ದಾರಿ ತುಂಬ ಮುಳ್ಳು ಉದುರುತ್ತದೆ. ಹಸಿ ಮುಳ್ಳಿಗಿಂತ ಒಣಗಿದ್ದು ಕೆಟ್ಟದ್ದು. ಟೈರಿನೊಳಗೆ ಹೋಗಿ ತುದಿ ಮುರಿದುಕೊಂಡು ಅಲ್ಲೇ ಕೂರುತ್ತದೆ. ಹೊಸ ಟ್ಯೂಬ್ ಹಾಕಿದರೂ ಅದೇ ತುದಿ ಮತ್ತೆ ಚುಚ್ಚುತ್ತದೆ. "ನಿನ್ನೆ ಹಾಕಿದ ಟ್ಯೂಬ್ ಇವತ್ತು ಪಂಚರ್" ಅನ್ನುವುದು ಹೆಚ್ಚಾಗಿ ಇದೇ ಕತೆ. ಹಳೆಯ ಹತ್ತಿಬಟ್ಟೆಯ ತುಂಡನ್ನು ಟೈರಿನ ಒಳಮೈ ಮೇಲೆ ಒಂದು ಸುತ್ತು ನಿಧಾನವಾಗಿ ಎಳೆಯಿರಿ. ಮುಳ್ಳಿದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಬರಿಗೈ ಆಡಿಸಿದರೆ ಬೆರಳಿಗೆ ಚುಚ್ಚಿಸಿಕೊಳ್ಳುತ್ತೀರಿ. ಇನ್ನು ನೆಗ್ಗಿಲು ಮುಳ್ಳು ಬೇರೆ ಇದೆ. ಹೊಲದ ಬದುವಿನಲ್ಲಿ, ಆಟದ ಮೈದಾನದಲ್ಲಿ ನೆಲಕ್ಕಂಟಿಕೊಂಡು ಬೆಳೆಯುತ್ತದೆ. ಸಣ್ಣದು, ಆದರೆ ಹೇಗೆ ಬಿದ್ದರೂ ಒಂದು ಮೊನೆ ಮೇಲೆ ಇದ್ದೇ ಇರುತ್ತದೆ.

ಟೈರ್ ಆರಿಸುವಾಗ ಮೊದಲು ಅಳತೆ. ಹಳೆಯ ಟೈರಿನ ಪಕ್ಕದಲ್ಲಿ 57-584 ಅನ್ನುವ ಥರ ಎರಡು ಸಂಖ್ಯೆ ಇರುತ್ತದೆ. ಎರಡನೆಯ ಸಂಖ್ಯೆ ನಿಮ್ಮ ರಿಮ್ಮಿನದು: 559 ಅಂದರೆ 26 ಇಂಚು, 584 ಅಂದರೆ 27.5, 622 ಅಂದರೆ 29. ಇದರಲ್ಲಿ ಒಂದು ಅಂಕಿ ತಪ್ಪಿದರೂ ಟೈರ್ ಕೂರುವುದಿಲ್ಲ. ಅಂಗಡಿಯಲ್ಲಿ ಬಾಯಿಮಾತಿಗೆ "ಇಪ್ಪತ್ತೇಳರದು" ಅನ್ನಬೇಡಿ, ಈ ಸಂಖ್ಯೆಯ ಫೋಟೋ ತೋರಿಸಿ. ಮೊದಲ ಸಂಖ್ಯೆ ಅಗಲ, ಮಿಲಿಮೀಟರಿನಲ್ಲಿ. ಅಗಲ ಹೆಚ್ಚಿಸಬಹುದು, ಆದರೆ ಟೈರಿಗೂ ಫ್ರೇಮಿಗೂ ನಡುವೆ ಎರಡೂ ಕಡೆ ಕಿರುಬೆರಳು ತೂರುವಷ್ಟು ಜಾಗ ಉಳಿಯಬೇಕು.

ಆಮೇಲೆ ಗುಬ್ಬು. ಟೈರಿನ ಮೇಲಿನ ರಬ್ಬರ್ ಗುಬ್ಬುಗಳು ಉದ್ದುದ್ದ ಇದ್ದರೆ ನೋಡಲು ಗಟ್ಟಿಮುಟ್ಟು ಅನ್ನಿಸುತ್ತದೆ. ಅವು ಮೆತ್ತನೆ ಮಣ್ಣಿಗೆ ಸರಿ. ನಮ್ಮದು ಗಟ್ಟಿ ನೆಲ. ಒಣ ಬಂಡೆ ಮೇಲೆ ಹಿಡಿತ ತಾನಾಗಿಯೇ ಚೆನ್ನಾಗಿರುತ್ತದೆ, ಬಂಡೆ ಮೇಲೆ ಹರಡಿದ ಗರಸೇ ಜಾರಿಸುವುದು. ಅದಕ್ಕೆ ನಡುವೆ ಗಿಡ್ಡ ಗುಬ್ಬು ಒತ್ತಾಗಿ, ಪಕ್ಕದಲ್ಲಿ ದಪ್ಪ ಗುಬ್ಬು ಇರುವ ಟೈರ್ ಬೇಕು. ಒಂದೇ ಟೈರಿಗೆ ದುಡ್ಡಿದ್ದರೆ ಒಳ್ಳೆಯದನ್ನು ಮುಂದೆ ಹಾಕಿ. ಹಿಂದಿನದು ಜಾರಿದರೆ ಸಂಭಾಳಿಸಬಹುದು, ಮುಂದಿನದು ಜಾರಿದರೆ ಬೀಳುತ್ತೀರಿ.

ಯಲಬುರ್ಗಾ, ಕುಷ್ಟಗಿ ಕಡೆಯ ಎರೆ ಹೊಲದವರು ಕೇಳುವುದುಂಟು, ಹಸಿ ಎರೆಗೆ ಯಾವ ಟೈರ್ ಅಂತ. ಯಾವುದೂ ಇಲ್ಲ. ನಾಲ್ಕು ಸುತ್ತು ತಿರುಗುವುದರೊಳಗೆ ಮಣ್ಣು ರೊಟ್ಟಿ ಹಿಟ್ಟಿನಂತೆ ಮೆತ್ತಿ ಚಕ್ರ ನಿಂತುಬಿಡುತ್ತದೆ. ಮಳೆ ನಿಂತ ಮೇಲೆ ಎರಡು ದಿನ ಬಿಟ್ಟು ಹೋಗಿ.

ಈಗ ಮುಳ್ಳಿಗೆ ಮದ್ದು. ಮೂರು ದಾರಿ ಇವೆ. ಅತಿ ಅಗ್ಗದ್ದು, ಟೈರಿಗೂ ಟ್ಯೂಬಿಗೂ ನಡುವೆ ಹಾಕುವ ಪ್ಲಾಸ್ಟಿಕ್ ಪಟ್ಟಿ. ತೂಕ ಹೆಚ್ಚುತ್ತದೆ, ಟೈರ್ ಸ್ವಲ್ಪ ಪೆಡಸಾಗುತ್ತದೆ, ಪಟ್ಟಿಯ ತುದಿ ಒಂದರ ಮೇಲೊಂದು ಕೂರುವ ಕಡೆ ಟ್ಯೂಬನ್ನು ಉಜ್ಜುತ್ತದೆ. ತುದಿಯನ್ನು ದುಂಡಗೆ ಕತ್ತರಿಸಿ ಹಾಕಿದರೆ ತೊಂದರೆ ಕಡಿಮೆ. ಎರಡನೆಯದು, ಟ್ಯೂಬಿನೊಳಗೇ ಸೀಲೆಂಟ್ ದ್ರವ ತುಂಬುವುದು. ನಿಮ್ಮದು ಬೈಕಿನ ಟೈರಿನಂಥ ದಪ್ಪ ವಾಲ್ವ್ ಆಗಿದ್ದರೆ ಒಳಗಿನ ಪಿನ್ ಬಿಚ್ಚಿ ಸುಲಭವಾಗಿ ತುಂಬಬಹುದು. ಮುಳ್ಳು ಕಿತ್ತ ಕೂಡಲೇ ಆ ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ, ಅರ್ಧ ನಿಮಿಷ ಬಿಡಿ. ಬಹಳಷ್ಟು ಸಲ ಮುಚ್ಚಿಕೊಳ್ಳುತ್ತದೆ. ಆ ಹುಡುಗನಿಗೆ ನಾನು ಹೇಳಿದ್ದು ಇದನ್ನೇ.

ಮೂರನೆಯದು ಟ್ಯೂಬ್‌ಲೆಸ್. ನಮ್ಮ ನೆಲಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ, ಆದರೆ ಒಂದು ಷರತ್ತು. ರಿಮ್ಮು, ಟೈರು ಎರಡರ ಮೇಲೂ ಟ್ಯೂಬ್‌ಲೆಸ್‌ಗೆ ತಕ್ಕದ್ದು ಅಂತ ಬರೆದಿರಬೇಕು. ಇಪ್ಪತ್ತು ಸಾವಿರದೊಳಗಿನ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲದ ರಿಮ್ಮಿಗೆ ಟೇಪು ಸುತ್ತಿ ಏನಾದರೂ ಮಾಡಿಕೊಡುತ್ತೇನೆ ಅನ್ನುವವರು ಸಿಗುತ್ತಾರೆ, ಒಪ್ಪಬೇಡಿ. ಇಳಿಜಾರಿನಲ್ಲಿ ಟೈರ್ ರಿಮ್ ಬಿಟ್ಟು ಹೊರಬಂದರೆ ಅಪಾಯ. ಸೀಲೆಂಟ್ ಯಾವ ರೀತಿ ಹಾಕಿದ್ದರೂ ನಮ್ಮ ಬಿಸಿಲಿಗೆ ಬೇಗ ಒಣಗುತ್ತದೆ. ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ನೋಡಿ ಮತ್ತೆ ತುಂಬಿ.

ಸೀಲೆಂಟ್ ಇದ್ದರೂ ಒಂದು ಟ್ಯೂಬ್, ಟೈರ್ ಬಿಚ್ಚುವ ಎರಡು ಲಿವರ್, ಕೈಪಂಪು ಚೀಲದಲ್ಲಿರಲಿ. ಆನೆಗೊಂದಿ ದಾಟಿದ ಮೇಲೆ ಬಂಡೆಗಳ ನಡುವೆ ಪಂಚರ್ ಅಂಗಡಿ ಸಿಗಲ್ಲ.

ಹೆಜ್ಜೆ 4: ಪೆಡಲ್, ಹಿಡಿ, ಸೀಟು

ಹೊಸ ಸೈಕಲ್ಲಿನ ಜೊತೆ ಬರುವ ಪ್ಲಾಸ್ಟಿಕ್ ಪೆಡಲ್ ನುಣುಪಾಗಿರುತ್ತದೆ. ಕಲ್ಲಿನ ಮೇಲೆ ಕುಲುಕಾಡಿದಾಗ ಕಾಲು ಜಾರಿ, ಪೆಡಲ್ ತಿರುಗಿ ಮೊಣಕಾಲಿನ ಕೆಳಗೆ ಮೂಳೆಗೆ ಬಡಿಯುತ್ತದೆ. ಅಗಲವಾದ, ಮೇಲೆ ಸಣ್ಣ ಸಣ್ಣ ಪಿನ್ ಇರುವ ಚಪ್ಪಟೆ ಪೆಡಲ್ ತೆಗೆದುಕೊಳ್ಳಿ. ಗಟ್ಟಿ ನೈಲಾನಿನದು ಸಾಕು, ಬಂಡೆಗೆ ತಾಗಿದರೆ ಉಜ್ಜಿಕೊಂಡು ಮುಂದೆ ಹೋಗುತ್ತದೆ. ಗಿಯರ್ ಸೈಕಲ್ಲುಗಳ ಪೆಡಲ್ ಮರೆ (ತಿರುಪಿನ ಗೆರೆ) ಸಾಮಾನ್ಯವಾಗಿ ಒಂದೇ ಅಳತೆಯದು, ಹಾಗಾಗಿ ಹೊಂದುತ್ತದೋ ಇಲ್ಲವೋ ಅನ್ನುವ ಚಿಂತೆ ಕಡಿಮೆ.

ಹಾಕುವಾಗ ಒಂದು ಎಚ್ಚರ. ಎಡಗಡೆ ಪೆಡಲಿನ ಮರೆ ಉಲ್ಟಾ. ಬಲಗಡೆಯದು ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಬಿಗಿಯಾಗುತ್ತದೆ, ಎಡಗಡೆಯದು ಅದರ ವಿರುದ್ಧ. ಮೊದಲ ಮೂರು ನಾಲ್ಕು ಸುತ್ತು ಕೈಯಲ್ಲೇ ತಿರುಗಿಸಿ, ಆರಾಮಾಗಿ ಹೋದರೆ ಮಾತ್ರ ಪಾನಾ ಹಾಕಿ. ಒತ್ತಾಯ ಮಾಡಿದರೆ ಪೆಡಲ್ ಕೂರುವ ತೋಳಿನ, ಅಂದರೆ ಕ್ರ್ಯಾಂಕಿನ ಮರೆ ಹಾಳಾಗುತ್ತದೆ, ಆಮೇಲೆ ಕ್ರ್ಯಾಂಕನ್ನೇ ಬದಲಿಸಬೇಕು. ಮರೆಗೆ ಸ್ವಲ್ಪ ಗ್ರೀಸ್ ಸವರಿ, ಇಲ್ಲದಿದ್ದರೆ ವರ್ಷದ ಮೇಲೆ ಬಿಚ್ಚಲು ಬರುವುದಿಲ್ಲ.

ಹ್ಯಾಂಡಲ್ ಹಿಡಿ ಬಗ್ಗೆ ಹೇಳುವುದಾದರೆ, ಅಗ್ಗದ ರಬ್ಬರ್ ಹಿಡಿ ನಮ್ಮ ಬಿಸಿಲಿಗೆ ಅಂಟಂಟಾಗುತ್ತದೆ. ಕೈ ಬೆವೆತರೆ ಹ್ಯಾಂಡಲ್ ಮೇಲೆ ತಿರುಗತೊಡಗುತ್ತದೆ. ಇಳಿಯುವಾಗ ಹಿಡಿ ತಿರುಗಿದರೆ ಬ್ರೇಕ್ ಮೇಲಿನ ಬೆರಳೂ ಜಾರುತ್ತದೆ. ತುದಿಯಲ್ಲಿ ಅಲೆನ್ ಬೋಲ್ಟಿನಿಂದ ಬಿಗಿಯುವ ಲಾಕ್ ಹಿಡಿ ಬರುತ್ತವೆ. ಐನೂರರಿಂದ ಸಾವಿರದೊಳಗೆ ಸಿಗುತ್ತವೆ, ಮನೆಯಲ್ಲೇ ಹತ್ತು ನಿಮಿಷದಲ್ಲಿ ಹಾಕಬಹುದು.

ಸೀಟನ್ನು ಮಾತ್ರ ಆತುರದಲ್ಲಿ ಬದಲಿಸಬೇಡಿ. ಮೊದಲ ಮೂರು ವಾರ ಎಲ್ಲರಿಗೂ ನೋಯುತ್ತದೆ. ಆಮೇಲೂ ನೋಯುತ್ತಿದ್ದರೆ ದಪ್ಪ ಜೆಲ್ ಸೀಟಿಗೆ ಹೋಗಬೇಡಿ, ಅಗಲ ಸರಿಯಿರುವ ಸೀಟಿಗೆ ಹೋಗಿ. ಕೂರುವ ಮೂಳೆಗಳು ಎರಡೂ ಸೀಟಿನ ಮೇಲೆ ಬರಬೇಕು.

ಹೆಜ್ಜೆ 5: ಬ್ರೇಕ್

ಇಡೀ ಬ್ರೇಕ್ ಬದಲಿಸಬೇಕಿಲ್ಲ. ಹೊಸ ಡಿಸ್ಕ್ ಹಿಡಿಯುತ್ತಿಲ್ಲ ಅನ್ನಿಸಿದರೆ ಮೊದಲು ಅದನ್ನು ಪಳಗಿಸಿ. ಖಾಲಿ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ವೇಗಕ್ಕೆ ಏರಿ, ನಡಿಗೆಯ ವೇಗಕ್ಕೆ ಬರುವವರೆಗೆ ಬ್ರೇಕ್ ಒತ್ತಿ, ಪೂರ್ತಿ ನಿಲ್ಲಿಸದೆ ಬಿಡಿ. ಹೀಗೆ ಹದಿನೈದು ಇಪ್ಪತ್ತು ಸಲ, ಮುಂದಿನದು ಬೇರೆ, ಹಿಂದಿನದು ಬೇರೆ. ಪ್ಯಾಡಿನ ಪದರ ಡಿಸ್ಕಿನ ಮೇಲೆ ಸಮವಾಗಿ ಕೂತು ಹಿಡಿತ ಬರುತ್ತದೆ.

ಕೇಬಲ್ ಡಿಸ್ಕ್ ಬ್ರೇಕುಗಳಲ್ಲಿ ಬಹಳಷ್ಟರಲ್ಲಿ ಒಂದು ಕಡೆಯ ಪ್ಯಾಡ್ ಮಾತ್ರ ಚಲಿಸುತ್ತದೆ. ಇನ್ನೊಂದನ್ನು ತಿರುಪಿನಿಂದ ಡಿಸ್ಕಿಗೆ ತಾಗದಷ್ಟು ಹತ್ತಿರ ತಂದಿಡಬೇಕು. ಇದಾದ ಮೇಲೂ ಸಾಲದಿದ್ದರೆ ಒಳ್ಳೆಯ ಪ್ಯಾಡ್ ಹಾಕಿ. ಸಂಡೂರಿನ ಗುಡ್ಡದಂಥ ಉದ್ದ ಇಳಿಜಾರಿಗೆ ಲೋಹ ಬೆರೆತ ಸಿಂಟರ್ಡ್ ಪ್ಯಾಡ್ ಒಳ್ಳೆಯದು, ಬಿಸಿ ತಡೆಯುತ್ತದೆ. ಅಲ್ಲಿನ ಕೆಂಪು ಧೂಳಿಗೂ ಬೇಗ ಸವೆಯುವುದಿಲ್ಲ. ಆದರೆ ಡಿಸ್ಕಿನ ಮೇಲೆ "ರೆಸಿನ್ ಪ್ಯಾಡ್ ಓನ್ಲಿ" ಅಂತ ಕೊರೆದಿದ್ದರೆ ಸಿಂಟರ್ಡ್ ಹಾಕಬೇಡಿ, ಡಿಸ್ಕ್ ಸವೆದುಹೋಗುತ್ತದೆ. ಚೈನಿಗೆ ಎಣ್ಣೆ ಬಿಡುವಾಗ ಒಂದು ಹನಿಯೂ ಡಿಸ್ಕಿಗೆ ಸಿಡಿಯದಂತೆ ಬಟ್ಟೆ ಅಡ್ಡ ಹಿಡಿಯಿರಿ. ಎಣ್ಣೆ ಕುಡಿದ ಪ್ಯಾಡ್ ಮತ್ತೆ ಸರಿಯಾಗುವುದು ಕಷ್ಟ.

ಬ್ರೇಕ್ ವಿಚಾರ ಬಂದಾಗ ಬೆಲ್ಲಿನ ಮಾತೂ ಹೇಳಬೇಕು. ಬೆಲ್ ಹಾಕಿಸಿ. ಕಾಲುವೆ ದಂಡೆಯ ತಿರುವಿನಲ್ಲಿ ಕುರಿ ಹಿಂಡು, ಎಮ್ಮೆ ಎದುರಾಗುತ್ತವೆ. ನಮ್ಮ ಬಂಡೆಗುಡ್ಡಗಳಲ್ಲಿ ಕರಡಿಗಳೂ ಇವೆ. ಬೆಳಕು ಸರಿಯಾಗಿ ಹರಿಯುವ ಮುಂಚೆ, ಸಂಜೆ ಮಬ್ಬಾದ ಮೇಲೆ ಗುಡ್ಡದ ಕಡೆ ಹೋಗಬೇಡಿ. ಅದು ಅವುಗಳ ಹೊತ್ತು.

ಹೆಜ್ಜೆ 6: ಶಾಕ್ ಮತ್ತು ಗಿಯರನ್ನು ಸದ್ಯಕ್ಕೆ ಬಿಡಿ

ಸ್ಪ್ರಿಂಗ್ ಬದಲು ಗಾಳಿಯ ಒತ್ತಡದಿಂದ ಕೆಲಸ ಮಾಡುವ ಒಳ್ಳೆಯ ಶಾಕ್ ಒಂದರ ಬೆಲೆಗೆ ಇನ್ನೊಂದು ಸಾದಾ ಸೈಕಲ್ ಬಂದೀತು. ಕೊಂಡರೂ ನಿಮ್ಮ ಫ್ರೇಮಿನ ಮುಂದಿನ ಕೊಳವೆಗೆ ಹೊಂದಬೇಕು. ಕೆಲವು ಮೇಲಿಂದ ಕೆಳಗೆ ಒಂದೇ ಅಗಲ, ಕೆಲವು ಕೆಳಗೆ ಅಗಲ. ಉದ್ದದ ಶಾಕ್ ಹಾಕಿದರೆ ಸೈಕಲ್ಲಿನ ಮುಂಭಾಗ ಮೇಲೆದ್ದು ಏರಿನಲ್ಲಿ ಹಿಡಿತ ತಪ್ಪುತ್ತದೆ. ಇರುವ ಶಾಕಿನ ಕಂಬಗಳನ್ನು ಪ್ರತಿ ಸಲ ಬಟ್ಟೆಯಿಂದ ಒರೆಸಿ. ಧೂಳು ಒಳಗೆ ಹೋಗಿ ಕೊರೆಯುವುದು ನಿಲ್ಲುತ್ತದೆ, ಎಷ್ಟೋ ದಿನ ಬಾಳುತ್ತದೆ.

ಗಿಯರ್ ಸವೆದಾಗ ಬದಲಿಸಿ, ಅಲ್ಲಿವರೆಗೆ ಬೇಡ. ಚೈನಿನ ಸವೆತವನ್ನು ಸ್ಟೀಲ್ ಸ್ಕೇಲಿನಿಂದಲೇ ಅಳೆಯಬಹುದು. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟು ನೋಡಿದರೆ ಹೊಸ ಚೈನಿನಲ್ಲಿ ಸರಿಯಾಗಿ ಹನ್ನೆರಡು ಇಂಚಿಗೆ ಇನ್ನೊಂದು ಪಿನ್ನಿನ ನಡು ಬರುತ್ತದೆ. ಅದು ಇಂಚಿನ ಹದಿನಾರನೇ ಒಂದು ಭಾಗ ಆಚೆ ಹೋಗಿದ್ದರೆ ಚೈನ್ ಬದಲಿಸುವ ಹೊತ್ತು. ಎಂಟನೇ ಒಂದು ಭಾಗ ಹೋಗಿದ್ದರೆ ಹಿಂದಿನ ಹಲ್ಲಿನ ಚಕ್ರಗಳೂ ಸವೆದಿರುತ್ತವೆ, ಖರ್ಚು ಮೂರು ಪಟ್ಟು. ಹಿಂದೆ ಏಳು ಗಿಯರಿರುವ ಅಗ್ಗದ ಸೈಕಲ್ಲಿನಲ್ಲಿ ಹಲ್ಲಿನ ಚಕ್ರ ಸಾಮಾನ್ಯವಾಗಿ ಗಾಲಿಯ ನಡುವಿನ ಹಬ್ಬಿಗೆ ತಿರುಪಿ ಕೂರಿಸಿದ್ದಾಗಿರುತ್ತದೆ. ಅದಕ್ಕೆ ಹತ್ತು, ಹನ್ನೊಂದರ ಗಿಯರ್ ಸೆಟ್ ಬೇಕೆಂದರೆ ಹಿಂದಿನ ಚಕ್ರವನ್ನೇ ಬದಲಿಸಬೇಕಾಗುತ್ತದೆ. ಈ ಮಾತನ್ನು ಅಂಗಡಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಧೂಳಿನ ನಾಡಿನಲ್ಲಿ ಚೈನಿಗೆ ಗಾಡಿಯ ಇಂಜಿನ್ ಆಯಿಲ್ ಬೇಡ. ಅದು ಧೂಳು ಹಿಡಿದು ಅರೆಯುವ ಕಲ್ಲಿನಂತಾಗುತ್ತದೆ. ಮೇಣದ, ಇಲ್ಲವೇ ಡ್ರೈ ಅಂತ ಬರೆದ ಲ್ಯೂಬ್ ಹಾಕಿ, ಹತ್ತು ನಿಮಿಷ ಬಿಟ್ಟು, ಹೊರಗಿನದನ್ನೆಲ್ಲ ಒರೆಸಿಬಿಡಿ.

ಆ ಹತ್ತು ಸಾವಿರ ಏನಾಯಿತು

ಅವನು ಮೀಟರ್ ಪಂಪ್, ಮುಂದಕ್ಕೆ ಒಂದು ಒಳ್ಳೆಯ ಟೈರ್, ಎರಡು ಟ್ಯೂಬ್, ಸೀಲೆಂಟ್, ನೈಲಾನ್ ಪೆಡಲ್, ಲಾಕ್ ಹಿಡಿ, ಒಂದು ಜೊತೆ ಪ್ಯಾಡ್ ತೆಗೆದುಕೊಂಡ. ಹೆಲ್ಮೆಟ್ ಇರಲಿಲ್ಲ, ಅದನ್ನು ಎಲ್ಲಕ್ಕಿಂತ ಮೊದಲು ಕೊಡಿಸಿದೆ. ಎರಡು ಬಾಟಲಿ ಸ್ಟ್ಯಾಂಡ್ ಕೂಡ ಬಂದವು, ಯಾಕೆಂದರೆ ಏಪ್ರಿಲಿನಲ್ಲಿ ಒಂದು ಬಾಟಲಿ ನೀರು ಗಂಟೆಗೂ ಸಾಲದು. ಎಲ್ಲ ಸೇರಿ ಹತ್ತು ಸಾವಿರದೊಳಗೇ ಮುಗಿಯಿತು. ಪೆಡಲ್, ಹಿಡಿ, ಟೈರ್ ಮೂರನ್ನೂ ನಮ್ಮ ಮನೆ ಕಟ್ಟೆ ಮೇಲೆ ಕೂತು ಅವನ ಕೈಯಲ್ಲೇ ಹಾಕಿಸಿದೆ.

ಬಿಚ್ಚಿದ ಹಳೆಯ ಟೈರನ್ನು ಅವನು ಎಸೆಯಲು ಹೊರಟಿದ್ದ. ತಡೆದೆ. ಅದರಲ್ಲಿ ಬಟ್ಟೆ ಎಳೆದು ನೋಡಿದರೆ ನಾಲ್ಕು ಜಾಲಿಮುಳ್ಳಿನ ತುದಿ ಸಿಕ್ಕವು. ಇಕ್ಕಳದಲ್ಲಿ ಕಿತ್ತು, ಟೈರನ್ನು ಮಡಚಿ ಗೂಟಕ್ಕೆ ನೇತುಹಾಕಿದೆವು. ಹಿಂದಿನ ಟೈರ್ ಸವೆದಾಗ ಅದನ್ನೇ ಹಿಂದಕ್ಕೆ ಹಾಕಬಹುದು.